ಬಳಕೆ ನಿಂತ ಇಂಗ್ಲಿಷ್ ಚರ್ಚು: ಯಾವ ಗೋಡೆ ಮೊದಲು, ಯಾವುದು ಆಮೇಲೆ ಅಂತ ಗುರುತಿಸೋದು ಹೇಗೆ?

ಶಾಲ್ಮಲಾ, ಶಿರಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನಡೆಯುವ ಕಟ್ಟಡ ಕಲೆಯ ಪ್ರದರ್ಶನಕ್ಕೆ ಇಂಗ್ಲೆಂಡಿನ ಮಧ್ಯಯುಗದ ಒಂದು ಊರ ಚರ್ಚಿನ ಮಾದರಿ ಮಾಡಬೇಕಾಗಿದೆ. ಅಳತೆ 1:50. ಜೊತೆಗೆ ಕನ್ನಡದಲ್ಲಿ ಎರಡು ಫಲಕ. ಪ್ಲಾನ್, ನಾಲ್ಕೂ ದಿಕ್ಕಿನ ನಕ್ಷೆ, ಅರವತ್ತರಷ್ಟು ಫೋಟೋ ಕೈಯಲ್ಲಿವೆ. ಪ್ರಾರ್ಥನೆ ನಿಂತು ಪಾಳು ಬಿದ್ದ ಚರ್ಚು.

ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದಂಥ ಕಟ್ಟಡವಾದರೆ ಹೆಚ್ಚುಕಡಿಮೆ ಒಂದೇ ಕಾಲದ ಕೆಲಸ, ಅಳೆದರೆ ಅರ್ಧ ಕೆಲಸ ಮುಗಿಯಿತು. ಇಲ್ಲಿ ಹಾಗಿಲ್ಲ. ಒಂದೇ ಗೋಡೆಯಲ್ಲಿ ಮೂರು ನಮೂನೆಯ ಕಿಟಕಿ. ಮಾದರಿಯಲ್ಲಿ ಒಂದೊಂದು ಶತಮಾನದ ಕೆಲಸಕ್ಕೂ ಬೇರೆ ಬಣ್ಣದ ರಟ್ಟು ಬಳಸುವ ಯೋಚನೆ, ಹಾಗಾಗಿ ಹಂತಗಳು ಸರಿಯಾಗಬೇಕು. ಕೇಳಬೇಕಾದ್ದು ಇಷ್ಟು:

ಕಿಟಕಿಯ ಆಕಾರ ನೋಡಿ ಗೋಡೆಯ ಕಾಲ ಹೇಳಬಹುದೇ?

ಪಶ್ಚಿಮದ ಗೋಪುರದ ಪೂರ್ವ ಮೈಮೇಲೆ, ಈಗಿನ ಮಾಡಿಗಿಂತ ಎತ್ತರದಲ್ಲಿ, ಎರಡು ಓರೆ ಕಲ್ಲಿನ ಸಾಲು ಕೂಡಿ ತಲೆಕೆಳಗಾದ ‘ವಿ’ ಆಕಾರದಲ್ಲಿ ಕಾಣುತ್ತದೆ. ಅದೇನು?

ಒಳಗೆ ಚಾನ್ಸೆಲ್ (ಪೂರ್ವ ತುದಿಯ, ಪಾದ್ರಿ ಪೂಜೆ ನಡೆಸುವ ಭಾಗ) ಕಮಾನಿನ ಪಕ್ಕ ಆಳೆತ್ತರಕ್ಕಿಂತ ಮೇಲೆ ಒಂದು ಪುಟ್ಟ ಬಾಗಿಲು ಗಾಳಿಗೆ ತೆರೆದುಕೊಂಡಿದೆ. ಅಲ್ಲಿಗೆ ಹೋಗುವುದೆಲ್ಲಿಂದ?

ಚಾನ್ಸೆಲ್ ನಡುಸಾಲೆಯ (ಜನ ಸೇರುವ ನಡುಭಾಗದ) ನೇರಕ್ಕಿಲ್ಲ, ಸ್ವಲ್ಪ ಉತ್ತರಕ್ಕೆ ವಾಲಿದೆ. ನಕ್ಷೆ ತಪ್ಪಿದೆಯೋ, ಕಟ್ಟಡವೇ ಹಾಗೋ?

ಗೋಡೆಯ ಕೆಳಭಾಗದಲ್ಲಿ ಸಿಮೆಂಟ್ ಸಂದು ತುಂಬಿದ್ದಾರೆ, ಅಲ್ಲೇ ಕಲ್ಲು ಹೆಚ್ಚು ಉದುರಿದೆ. ಎರಡನೇ ಫಲಕಕ್ಕೆ ಇದರ ಕಾರಣ ಬೇಕು.


ಕಾಳಿ ದಂಡೆ, ಕಾರವಾರ

ಶಾಲ್ಮಲಾ ಅವರೇ, ಮೊದಲು ಫಲಕದಿಂದ ‘ಪಾಳು’ ಎಂಬ ಶಬ್ದ ತೆಗೆಯಿರಿ. ಮಾಡು ಇದೆ, ಬಾಗಿಲು ಇದೆ, ಬೀಗ ಇದೆ; ನಿಂತಿದ್ದು ವಾರದ ಪ್ರಾರ್ಥನೆ ಮಾತ್ರ. ‘ಬಳಕೆ ನಿಂತ ಚರ್ಚು’ ಅನ್ನಿ. ಇಂಗ್ಲೆಂಡಿನಲ್ಲಿ ಇದಕ್ಕೆ ಕಾನೂನಿನ ದಾರಿಯೇ ಇದೆ. 1968ರ ಪಾಸ್ಟೋರಲ್ ಮೆಷರ್ ಪ್ರಕಾರ ಚರ್ಚನ್ನು ಬಳಕೆಯಿಂದ ಬಿಡಿಸಬಹುದಾಯಿತು, ಹಾಗೆ ಬಿಟ್ಟವುಗಳಲ್ಲಿ ಉಳಿಸಲೇಬೇಕಾದವನ್ನು ನೋಡಿಕೊಳ್ಳಲು 1969ರಲ್ಲಿ ಒಂದು ನಿಧಿ ಹುಟ್ಟಿತು. 1994ರಿಂದ ಅದರ ಹೆಸರು ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್. ಈಗ ಅದರ ಕೈಯಲ್ಲಿ 350ಕ್ಕೂ ಹೆಚ್ಚು ಚರ್ಚುಗಳಿವೆ. ಅದಕ್ಕೂ ಮೊದಲೇ, 1957ರಲ್ಲಿ, ಫ್ರೆಂಡ್ಸ್ ಆಫ್ ಫ್ರೆಂಡ್‌ಲೆಸ್ ಚರ್ಚಸ್ ಎಂಬ ಸಂಘ ಇದೇ ಕೆಲಸಕ್ಕೆ ಕೈಹಾಕಿತ್ತು.

ಈಗ ಕಿಟಕಿ. ಆಕಾರದಿಂದ ಕಾಲ ಹೇಳುವುದು ಸುಲಭ, ಆದರೆ ಅದು ಕಿಟಕಿಯ ಕಾಲ. ಗೋಡೆಯದು ಅದಲ್ಲದೆಯೂ ಇರಬಹುದು.

ಆಕಾರಗಳು ಹೀಗೆ. ಅರ್ಧವೃತ್ತದ ಕಮಾನು, ಬಾಗಿಲ ಸುತ್ತ ಗರಗಸದ ಹಲ್ಲಿನಂಥ ಕೆತ್ತನೆ, ದಪ್ಪ ಗುಂಡು ಕಂಬ ಇದ್ದರೆ ನಾರ್ಮನ್, ಅಂದರೆ 1066ರಿಂದ ಸುಮಾರು 1190. ಸಣ್ಣಗೆ ಎತ್ತರಕ್ಕೆ ಚೂಪಾದ, ನಡುವೆ ಕಲ್ಲಿನ ದಿಂಡಿಲ್ಲದ ಕಿಟಕಿಗೆ ಲ್ಯಾನ್ಸೆಟ್ ಅನ್ನುತ್ತಾರೆ. ಅದು ಅರ್ಲಿ ಇಂಗ್ಲಿಷ್, ಸುಮಾರು 1180ರಿಂದ 1275. ಅಗಲ ಕಿಟಕಿ, ಮೇಲ್ಭಾಗದಲ್ಲಿ ಬಳುಕುವ ಕಲ್ಲಿನ ಜಾಲರಿ ಬಂದರೆ ಡೆಕೊರೇಟೆಡ್, ಹದಿನಾಲ್ಕನೇ ಶತಮಾನದ ನಡುವಿನ ತನಕ, ಕೆಲವೆಡೆ ಇನ್ನೂ ಈಚೆಗೆ. ಜಾಲರಿಯ ದಿಂಡುಗಳು ಬಳುಕದೆ ನೆಟ್ಟಗೆ ಕಮಾನಿನ ತನಕ ಏರಿದರೆ ಪರ್ಪೆಂಡಿಕ್ಯುಲರ್, 1350ರ ಆಸುಪಾಸಿನಿಂದ 1540ರ ತನಕ. ಈ ಕೊನೆಯ ಮೂರು ಹೆಸರುಗಳನ್ನು ಚಲಾವಣೆಗೆ ತಂದವನು ವಾಸ್ತುಶಿಲ್ಪಿ ಥಾಮಸ್ ರಿಕ್‌ಮನ್, 1817ರಲ್ಲಿ. ಕಟ್ಟಿದವರಿಗೆ ಇವು ಗೊತ್ತೇ ಇರಲಿಲ್ಲ, ಹಾಗಾಗಿ ಇಸವಿಗಳನ್ನು ಗೆರೆ ಕೊರೆದಂತೆ ಹಿಡಿಯಬೇಡಿ.

ನಿಮ್ಮ ಗೋಡೆಯಲ್ಲಿ ಮೂರೂ ಇರಲು ಕಾರಣ ಬೆಳಕು. ನಾರ್ಮನ್ ಗೋಡೆ ಹಾಗೇ ನಿಂತಿದೆ, ನೂರು ವರ್ಷ ಬಿಟ್ಟು ಒಂದು ಲ್ಯಾನ್ಸೆಟ್ ಕೊರೆದರು, ಇನ್ನೂ ಇನ್ನೂರು ವರ್ಷಕ್ಕೆ ಯಾರೋ ದುಡ್ಡು ಕೊಟ್ಟು ದೊಡ್ಡ ಪರ್ಪೆಂಡಿಕ್ಯುಲರ್ ಕಿಟಕಿ ಕೂರಿಸಿದರು. ಆದ್ದರಿಂದ ಕಿಟಕಿಯ ಜಾಲರಿ ಬಿಟ್ಟು ಅದರ ಚೌಕಟ್ಟಿನ ಹೊರ ಅಂಚು ನೋಡಿ. ಗೋಡೆ ಏಳುವಾಗಲೇ ಕೂರಿಸಿದ ಕಿಟಕಿಯಾದರೆ ಅಂಚಿನ ಕಲ್ಲುಗಳು ಗೋಡೆಯ ವರಸೆಯ (ಕಲ್ಲಿನ ಅಡ್ಡಸಾಲಿನ) ಜೊತೆ ಸಾಗುತ್ತವೆ. ಆಮೇಲೆ ಕೊರೆದು ಕೂರಿಸಿದ್ದಾದರೆ ಅಂಚಿನುದ್ದಕ್ಕೂ ಒಡೆದ ಚೂರು ಕಲ್ಲು, ಬೇರೆ ಬಣ್ಣದ ಗಾರೆ, ತಾಳೆಯಾಗದ ವರಸೆ. ಕೆಲವೊಮ್ಮೆ ಹೊಸ ಕಿಟಕಿಯ ಮೇಲೆ ಹಳೇ ಕಿಟಕಿಯ ಕಮಾನಿನ ಅರ್ಧ ತುಂಡು ಉಳಿದಿರುತ್ತದೆ. ಅದು ಸಿಕ್ಕರೆ ಬೇರೆ ಸಾಕ್ಷಿ ಬೇಡ.

ಗೋಡೆ ಗೋಡೆ ಸೇರುವಲ್ಲಿಯೂ ಇದೇ ಲೆಕ್ಕ. ಕಲ್ಲುಗಳು ಕಚ್ಚಿಕೊಂಡಿದ್ದರೆ ಒಂದೇ ಕೆಲಸ. ಮೇಲಿನಿಂದ ಕೆಳಗಿನ ತನಕ ನೇರ ಸಂದು ಬಿದ್ದಿದ್ದರೆ ಎರಡು ಕೆಲಸ. ಮೊದಲಿನದು ಯಾವುದು ಅಂತ ತಿಳಿಯಲು ಮೂಲೆಗಲ್ಲು ನೋಡಿ. ಸಂದಿನ ಒಂದು ಬದಿಯಲ್ಲಿ ಒಪ್ಪವಾಗಿ ಕೆತ್ತಿದ ದೊಡ್ಡ ಮೂಲೆಗಲ್ಲುಗಳ ಸಾಲು ಇರುತ್ತದೆ. ಒಂದು ಕಾಲಕ್ಕೆ ಅದೇ ಕಟ್ಟಡದ ಹೊರಮೂಲೆ. ಅದಕ್ಕೆ ಬಂದು ಆನಿಕೊಂಡ ಗೋಡೆ ಆಮೇಲಿನದು.

ಈ ತರ್ಕದ ಬೆಲೆ ಗೊತ್ತಾಗಬೇಕಾದರೆ ಲಿಂಕನ್‌ಶೈರಿನ ಬಾರ್ಟನ್-ಅಪಾನ್-ಹಂಬರ್ ಊರಿನ ಸೇಂಟ್ ಪೀಟರ್ ಚರ್ಚು ನೋಡಿ. ಅದೂ ಬಳಕೆ ನಿಂತದ್ದೇ, 1972ರಲ್ಲಿ. ಗೋಪುರದ ಕೆಳಗಿನ ಅಂತಸ್ತುಗಳ ಮೈಮೇಲೆ ಕಲ್ಲಿನ ತೆಳು ಪಟ್ಟಿಗಳಿಂದ ಮಾಡಿದ ಕಮಾನಿನ ಸಾಲು, ಅದರ ಮೇಲೆ ತ್ರಿಕೋನದ ಸಾಲು. ತುತ್ತತುದಿಯ ಅಂತಸ್ತಿನಲ್ಲಿ ಆ ಪಟ್ಟಿ ಇಲ್ಲ, ಅದು ನಾರ್ಮನ್ ರೀತಿಗೆ ಸೇರಿದ ಕೆಲಸ. ರಿಕ್‌ಮನ್ ಹೇಳಿದ್ದು ಇಷ್ಟೇ: ಮೇಲಿನದು ನಾರ್ಮನ್ ಆದರೆ ಅದನ್ನು ಹೊತ್ತ ಕೆಳಗಿನದು ಅದಕ್ಕಿಂತ ಹಳೆಯದಾಗಿರಲೇಬೇಕು. ಆಂಗ್ಲೋ-ಸ್ಯಾಕ್ಸನ್, ಅಂದರೆ ನಾರ್ಮನ್ನರಿಗಿಂತ ಮೊದಲಿನ ಕಟ್ಟಡ ಅಂತ ಒಂದಿದೆ, ಅದನ್ನು ಗುರುತಿಸಬಹುದು ಎಂಬುದು ಗಟ್ಟಿಯಾಗಲು ಈ ಗೋಪುರ ದೊಡ್ಡ ಆಧಾರವಾಯಿತು. ಮೂಲದಲ್ಲಿ ಆ ಗೋಪುರದ ತಳವೇ ಜನ ನಿಲ್ಲುವ ಜಾಗ, ಪೂರ್ವಕ್ಕೊಂದು ಪುಟ್ಟ ಚಾನ್ಸೆಲ್, ಪಶ್ಚಿಮಕ್ಕೊಂದು ಕೋಣೆ. ಈಗ ಕಾಣುವ ದೊಡ್ಡ ನಡುಸಾಲೆ ನಂತರದ ಶತಮಾನಗಳದ್ದು. 1978ರಿಂದ 1984ರ ತನಕ ಒಳಗೂ ಹೊರಗೂ ಅಗೆದಾಗ ಸುಮಾರು 2,800 ಸಮಾಧಿಗಳು ಸಿಕ್ಕವು.

ಗಾಳಿಗೆ ತೆರೆದ ಬಾಗಿಲು ರೂಡ್ (ಶಿಲುಬೆ) ಅಟ್ಟಕ್ಕೆ ಹೋಗುವ ಬಾಗಿಲು. ಚಾನ್ಸೆಲ್ ಕಮಾನಿಗೆ ಅಡ್ಡಲಾಗಿ ಮರದ ಜಾಲಿ ತೆರೆ, ಅದರ ನೆತ್ತಿಯಲ್ಲಿ ಅಟ್ಟ, ಅದರ ಮೇಲೆ ಶಿಲುಬೆಯ ಯೇಸು ಮತ್ತು ಎರಡು ಬದಿಗೆ ಮರಿಯಾ, ಯೋಹಾನ. ಗೋಡೆಯ ದಪ್ಪದೊಳಗೆ ಒಬ್ಬರು ಓರೆಯಾಗಿ ಹತ್ತುವಷ್ಟೇ ಅಗಲದ ಸುತ್ತು ಮೆಟ್ಟಿಲು ಇರುತ್ತದೆ. ಹದಿನಾರನೇ ಶತಮಾನದ ಧರ್ಮಸುಧಾರಣೆಯಲ್ಲಿ ವಿಗ್ರಹ ಹೋದವು, 1561ರ ರಾಜಾಜ್ಞೆಯಿಂದ ಅಟ್ಟಗಳೂ ಹೋದವು. ಕಲ್ಲಿನ ಮೆಟ್ಟಿಲು ಮಾತ್ರ ಉಳಿಯಿತು. ಕೆಳಗಿನ ಬಾಗಿಲು ಮುಚ್ಚಿ ಗಾರೆ ಬಳಿದಿರಬಹುದು. ಅದೇ ಬದಿಯ ಗೋಡೆಯನ್ನು ಕೆಳಮಟ್ಟದಲ್ಲಿ ಹುಡುಕಿ, ಹೊರಗಡೆ ಗೋಡೆ ಉಬ್ಬಿದೆಯೋ ನೋಡಿ.

ಚಾನ್ಸೆಲ್ ಮತ್ತು ನಡುಸಾಲೆ ಬೇರೆ ಬೇರೆ ಕಾಲದ್ದಾಗಿ ಕಾಣಲು ಇನ್ನೊಂದು ಕಾರಣ ಖರ್ಚು. ಚಾನ್ಸೆಲ್ ರಿಪೇರಿ ಚರ್ಚಿನ ಆದಾಯ ಉಣ್ಣುವ ರೆಕ್ಟರನ ಜವಾಬ್ದಾರಿ, ನಡುಸಾಲೆ ಊರವರದ್ದು. ಊರಲ್ಲಿ ಉಣ್ಣೆ ವ್ಯಾಪಾರ ಕುದುರಿದಾಗ ನಡುಸಾಲೆ ಬೆಳೆಯಿತು, ಚಾನ್ಸೆಲ್ ಹಾಗೇ ಕುಳಿತಿತು. ತಿರುಗಾಮುರುಗಾ ಕೂಡ ಆಗಿದೆ.


ಮುಗುಡು ಮನೆ, ಶಿರಸಿ

ಮಾಡಿನ ವಿಷಯ ನಾನು ಹೇಳುತ್ತೇನೆ.

ತಲೆಕೆಳಗಾದ ‘ವಿ’ ಹಳೇ ಮಾಡಿನ ಗುರುತು. ನಡುಸಾಲೆಯ ಮಾಡು ಗೋಪುರದ ಗೋಡೆಗೆ ತಾಗುವಲ್ಲಿ ನೀರು ಒಳಗೆ ಇಳಿಯದಂತೆ ಗೋಡೆಯಿಂದ ನಾಲ್ಕೈದು ಇಂಚು ಮುಂದೆ ಚಾಚಿದ ಕಲ್ಲಿನ ಸಾಲು ಇಡುತ್ತಿದ್ದರು. ನಮ್ಮಲ್ಲಿ ಹಂಚಿನ ಇಳಿಮಾಡು ಗೋಡೆಗೆ ಸೇರುವಲ್ಲಿ ಗಾರೆ ಕಟ್ಟೆ ಕಟ್ಟಿದ ಹಾಗೆ. ಮಾಡು ಇಳಿಸಿದರೂ ಈ ಸಾಲನ್ನು ಯಾರೂ ಕೆತ್ತಿ ತೆಗೆಯಲಿಲ್ಲ.

ಒಂದು ಎಚ್ಚರಿಕೆ ಇದೆ. ಗುರುತು ಹೊರಗೆ ಕಾಣುತ್ತದೋ, ಚರ್ಚಿನ ಒಳಗೆ ಕಾಣುತ್ತದೋ ಎಂಬುದರಿಂದ ಕಥೆಯೇ ಬದಲಾಗುತ್ತದೆ. ಹೊರಗೆ, ಈಗಿನ ಮಾಡಿನ ಮೇಲೆ ಕಂಡರೆ ಮಾಡು ಕಡಿದಾಗಿದ್ದದ್ದು ಚಪ್ಪಟೆಯಾಗಿದೆ, ಗೋಡೆ ಅಷ್ಟೇ ಇದೆ. ಒಳಗೆ ನಿಂತು ಪಶ್ಚಿಮಕ್ಕೆ ನೋಡಿದಾಗ ಕಂಡರೆ ಗೋಡೆಯನ್ನೇ ಎತ್ತರಿಸಿ ಹೊಸ ಮಾಡು ಹಾಕಿದ್ದಾರೆ. ನೀವು ಹೊರಗೆ ಅಂತ ಬರೆದಿದ್ದೀರಿ. ಆದರೂ ಒಳಗಿನ ಫೋಟೋ ಇನ್ನೊಮ್ಮೆ ನೋಡಿ, ಕೆಲವು ಚರ್ಚುಗಳಲ್ಲಿ ಎರಡು ಗುರುತು ಇರುತ್ತವೆ.

ಲೆಕ್ಕ ಹಾಕಿದರೆ ಇದು ಸ್ಪಷ್ಟ. ನಡುಸಾಲೆ 6 ಮೀಟರ್ ಅಗಲ ಅಂದುಕೊಳ್ಳಿ. 50 ಡಿಗ್ರಿ ಇಳಿಜಾರಾದರೆ ಗೋಡೆಯ ತಲೆಯಿಂದ ಮಾಡಿನ ಮೂಳೆಗೆ (ನೆತ್ತಿಯ ಅಂಚಿಗೆ) 3.6 ಮೀಟರ್ ಏರಬೇಕು. 10 ಡಿಗ್ರಿಗೆ ಇಳಿಸಿದರೆ ಬರೀ ಅರ್ಧ ಮೀಟರ್. ಉಳಿದದ್ದು ಮೂರು ಮೀಟರ್. ಹದಿನೈದನೇ ಶತಮಾನದವರು ಆ ಮೂರು ಮೀಟರಿನಲ್ಲಿ ಗೋಡೆ ಎಬ್ಬಿಸಿ ಸಾಲು ಕಿಟಕಿ ಇಟ್ಟರು. ಅದೇ ಕ್ಲಿಯರ್‌ಸ್ಟೋರಿ. ಮೂಳೆಯ ಎತ್ತರ ಹೆಚ್ಚು ಬದಲಾಗಲಿಲ್ಲ, ಒಳಗೆ ಬೆಳಕು ಸುರಿಯಿತು. ಇಷ್ಟು ಜಾಣತನದ ಕೆಲಸ ಫಲಕದಲ್ಲಿ ಒಂದು ಅಡ್ಡಕೊಯ್ತದ ಚಿತ್ರವಾಗಿ ಬರಲೇಬೇಕು.

ಹತ್ತು ಡಿಗ್ರಿಗೆ ಇಳಿಸಲು ಆದದ್ದು ಸೀಸದಿಂದ. ಹುಲ್ಲು, ಮರದ ಚಕ್ಕೆಗೆ ಕಡಿದಾದ ಇಳಿಜಾರು ಬೇಕೇಬೇಕು. ಸೀಸಕ್ಕೆ ಕಡಿದು ಆಗದು. ಬಿಸಿಲಿಗೆ ಹಿಗ್ಗಿ ಕೆಳಗೆ ಜಾರುತ್ತದೆ, ತಂಪಾದಾಗ ಪೂರ್ತಿ ವಾಪಸು ಏರುವುದಿಲ್ಲ. ವರ್ಷ ಕಳೆದಂತೆ ಮೇಲ್ಭಾಗ ತೆಳುವಾಗಿ ಅಡ್ಡ ಸೀಳುತ್ತದೆ. ಇದೇ ಕಾರಣಕ್ಕೆ ಒಂದೇ ಹಾಳೆಯನ್ನು ಉದ್ದಕ್ಕೆ ಹಾಸುವಂತಿಲ್ಲ. ತುಂಡು ಮಾಡಿ ಉದ್ದದ ಅಂಚುಗಳನ್ನು ಮರದ ಗುಂಡು ರೀಪಿನ ಮೇಲೆ ಮಡಚುತ್ತಾರೆ. ಈಗಿನ ಲೆಕ್ಕದಲ್ಲಿ 7ನೇ ನಂಬರಿನ ಸೀಸದ ಹಾಳೆ 3.15 ಮಿ.ಮೀ ದಪ್ಪ, ಚದರ ಮೀಟರಿಗೆ ಸುಮಾರು 36 ಕೆ.ಜಿ. ನಡುಸಾಲೆ 15 ಮೀಟರ್ ಉದ್ದ ಅಂದುಕೊಂಡು ಹೊದೆಸಿದರೆ ಮೂರು ಟನ್ ದಾಟುತ್ತದೆ. ಅಡಿಯಲ್ಲಿ ಹಲಗೆ, ಹಲಗೆಯ ಅಡಿಗೆ ಗಾಳಿ ಆಡಬೇಕು. ಗಾಳಿ ಇಲ್ಲದಿದ್ದರೆ ಸೀಸದ ಒಳಮೈಯಲ್ಲಿ ನೀರು ಹನಿಕಟ್ಟಿ ಬಿಳಿ ಪುಡಿಯಾಗಿ ಸವೆಯುತ್ತದೆ, ಮೇಲಿನಿಂದ ನೋಡಿದವರಿಗೆ ಗೊತ್ತೇ ಆಗುವುದಿಲ್ಲ.

ಬಳಕೆ ನಿಂತ ಚರ್ಚಿಗೆ ದೊಡ್ಡ ಕಂಟಕ ಸೀಸದ ಕಳ್ಳತನ. ಜನ ಓಡಾಡದ ಜಾಗ, ಒಂದು ರಾತ್ರಿಯಲ್ಲಿ ಮಾಡು ಬೋಳು. ಮುಂದಿನ ಮಳೆಗೆ ತೊಲೆಯ ತುದಿ, ಗೋಡೆಯ ಚಿತ್ರ ಎಲ್ಲ ನೆನೆಯುತ್ತವೆ. ಅದಕ್ಕೇ ಈಗ ಹಲವೆಡೆ ಸೀಸದ ಬದಲು ಟರ್ನ್ ಎಂಬ ತವರದ ಲೇಪದ ಸ್ಟೇನ್‌ಲೆಸ್ ಸ್ಟೀಲ್ ಹಾಳೆ ಹಾಕುತ್ತಾರೆ. ಬಣ್ಣ ಹತ್ತಿರ ಹತ್ತಿರ, ಗುಜರಿಗೆ ಬೆಲೆ ಇಲ್ಲ.

ಮಾದರಿಗೆ ಸೀಸದ ಮಾಡು ತೋರಿಸುವಾಗ ಗುಂಡು ರೀಪುಗಳ ನಡುವಿನ ಅಂತರ ಸುಮಾರು 65 ಸೆಂ.ಮೀ, ಅಂದರೆ 1:50ರಲ್ಲಿ 13 ಮಿ.ಮೀ. ದಪ್ಪ ದಾರ ಅಂಟಿಸಿ ಮೇಲೆ ತೆಳು ಕಾಗದ ಒತ್ತಿದರೆ ಸರಿಯಾಗಿ ಕಾಣುತ್ತದೆ. ಮಾಡಿನ ಎರಡೂ ಅಂಚಿಗೆ ಗೋಡೆಯನ್ನು ಮೇಲೆತ್ತಿ ಪ್ಯಾರಾಪೆಟ್ ಮಾಡಿದ್ದರೆ ಅದರ ಹಿಂದೆ ನೀರಿನ ದೋಣಿ ಇರುತ್ತದೆ, ಬಿಡಬೇಡಿ. ಪ್ಯಾರಾಪೆಟ್ಟಿನ ಹಿಂದಿನ ದೋಣಿ ಎಲೆ ಕಟ್ಟಿ ತುಂಬಿದರೆ ನೀರು ಒಳಮುಖವಾಗಿ ತೊಲೆಯ ತುದಿಗೇ ಇಳಿಯುತ್ತದೆ. ನಮ್ಮ ಕಡೆ ಸೂರು ಗೋಡೆಯಿಂದ ಮೂರಡಿ ಹೊರಗೆ ಚಾಚುವುದರ ಬೆಲೆ ಆಗ ತಿಳಿಯುತ್ತದೆ. ಭಟ್ಕಳದ ಆ ದೇವಸ್ಥಾನದಲ್ಲಿ ಕಲ್ಲು ಚಪ್ಪಡಿಯನ್ನೇ ಮರದ ಮಾಡಿನಂತೆ ಇಳಿಜಾರಾಗಿ ಹೊದೆಸಿದ್ದು, ಹೊರಸುತ್ತಿಗೆ ಕಲ್ಲಿನ ಓರೆಪಟ್ಟಿಯ ಜಾಲಂದ್ರ ಇಟ್ಟಿದ್ದು ಈ ಮಳೆಗೆ ಕೊಟ್ಟ ಉತ್ತರ. ಎರಡು ಅಡ್ಡಕೊಯ್ತಗಳನ್ನು ಪಕ್ಕಪಕ್ಕ ಇಟ್ಟರೆ ಶಿರಸಿಯವರಿಗೆ ಬೇಗ ಹೊಂದುತ್ತದೆ.

ಚಾನ್ಸೆಲ್ ವಾಲಿದ್ದಕ್ಕೆ ಅರ್ಥ ಇದೆ ಅನ್ನುತ್ತಾರಲ್ಲ, ಶಿಲುಬೆಯ ಮೇಲೆ ಯೇಸುವಿನ ತಲೆ ಬಾಗಿದ ಹಾಗೆ. ಅದನ್ನೂ ಹಾಕಬಹುದು.


ಕಾಳಿ ದಂಡೆ, ಕಾರವಾರ

ಮಾಡಿನ ವಿವರ ಬಹಳ ಚೆನ್ನಾಗಿದೆ. ಕೊನೆಯ ಮಾತು ಮಾತ್ರ ಫಲಕಕ್ಕೆ ಹೋಗಬಾರದು, ಅದು ಆಮೇಲೆ ಹುಟ್ಟಿದ ಕಥೆ. ಯೇಸುವಿನ ತಲೆ ಒಂದೇ ಕಡೆ ಬಾಗಿದ್ದಾಗ ಚಾನ್ಸೆಲ್‌ಗಳು ಉತ್ತರಕ್ಕೂ ವಾಲಿವೆ, ದಕ್ಷಿಣಕ್ಕೂ ವಾಲಿವೆ.

ಕಾರಣ ಹಗ್ಗದ್ದು. ಹಳೇ ಪುಟ್ಟ ಚಾನ್ಸೆಲ್‌ನಲ್ಲಿ ಪ್ರಾರ್ಥನೆ ನಿಲ್ಲಿಸುವಂತಿಲ್ಲ, ಅದನ್ನು ಒಳಗೇ ಬಿಟ್ಟು ಸುತ್ತ ದೊಡ್ಡದು ಕಟ್ಟುತ್ತಿದ್ದರು, ಮುಗಿದ ಮೇಲೆ ಹಳೆಯದನ್ನು ಕೆಡವುತ್ತಿದ್ದರು. ನಡುವೆ ಕಟ್ಟಡ ನಿಂತಿರುವಾಗ ನಡುಸಾಲೆಯ ಮಧ್ಯರೇಖೆಯನ್ನು ಹಗ್ಗ ಎಳೆದು ಮುಂದುವರಿಸಲು ಆಗುವುದಿಲ್ಲ. ಒಂದು ಬದಿಯ ಗೋಡೆಯಿಂದ ಅಳೆದು ಗುರುತು ಹಾಕಬೇಕು, ಆ ಗೋಡೆ ಸ್ವಲ್ಪ ಸೊಟ್ಟಗಿದ್ದರೆ ತಪ್ಪು ಹಾಗೇ ಮುಂದೆ ಬೆಳೆಯುತ್ತದೆ. ಹಾಗಾಗಿ ಶಾಲ್ಮಲಾ ಅವರೇ, ನಿಮ್ಮ ನಕ್ಷೆ ಸರಿ. ಮಾದರಿಯಲ್ಲಿ ‘ಸರಿಪಡಿಸಲು’ ಹೋಗಬೇಡಿ, ಆ ವಾಲು ಚಾನ್ಸೆಲ್ ಎರಡನೇ ಸಲ ಕಟ್ಟಿದ್ದು ಎಂಬುದರ ಸುಳಿವು.

ಐಲ್, ಅಂದರೆ ಪಕ್ಕಸಾಲೆಗೂ ಇದೇ ಉಪಾಯ. ಹೊರಗೆ ಹೊಸ ಗೋಡೆ, ಮಾಡು ಮುಗಿಸಿಕೊಂಡು ಆಮೇಲೆ ಹಳೇ ಹೊರಗೋಡೆಯಲ್ಲಿ ಒಂದೊಂದಾಗಿ ಕಮಾನು ತೆರೆದರು. ಹಳೇ ಗೋಡೆ ಕಮಾನುಗಳ ತಲೆಯ ಮೇಲೆ ಇನ್ನೂ ಅಲ್ಲೇ ಇರುತ್ತದೆ, ಸಾಲಿನ ಎರಡು ತುದಿಯಲ್ಲೂ ತುಂಡು ಉಳಿದಿರುತ್ತದೆ. ಕಮಾನಿನ ಮೇಲ್ಗಡೆ ಮುಚ್ಚಿದ ಪುಟ್ಟ ಕಿಟಕಿ, ಅದರ ಕೆಳ ಅರ್ಧವನ್ನು ಕಮಾನು ಕತ್ತರಿಸಿದ್ದು ಕಂಡರೆ ಬಣ್ಣದ ರಟ್ಟು ಬದಲಿಸಿ. ಕಮಾನು ಹದಿಮೂರನೇ ಶತಮಾನದ್ದು, ಅದರ ಮೇಲಿನ ಗೋಡೆ ಅದಕ್ಕಿಂತ ಹಳೆಯದು. ಎಲ್ಲರೂ ಎಡವುವುದು ಇಲ್ಲೇ, ಮೇಲಿರುವುದೆಲ್ಲ ಆಮೇಲಿನದು ಅಂದುಕೊಂಡು.


ಶಾಲ್ಮಲಾ, ಶಿರಸಿ

ತುಂಬಾ ಉಪಕಾರವಾಯಿತು. ಸಂದುಗಳನ್ನು ಹುಡುಕಿದೆ. ಪೂರ್ವದ ಕಡೆ ಉತ್ತರ ಗೋಡೆಯಲ್ಲಿ ಒಂದು ನೇರ ಸಂದು ಚೆನ್ನಾಗಿ ಕಾಣುತ್ತದೆ, ಪಶ್ಚಿಮ ಬದಿಯಲ್ಲಿ ಮೂಲೆಗಲ್ಲೂ ಇವೆ. ಆದರೆ ನೆಲದಿಂದ ಮೂರಡಿಯ ತನಕ ಸಂದೇ ಇಲ್ಲ, ಕಲ್ಲುಗಳು ಆ ಕಡೆಯಿಂದ ಈ ಕಡೆಗೆ ಹಾದು ಹೋಗಿವೆ. ಕೆಳಗೆ ಒಂದೇ ಕೆಲಸ, ಮೇಲೆ ಎರಡು ಕೆಲಸ ಹೇಗೆ ಸಾಧ್ಯ? 1348ರ ಪ್ಲೇಗಿನಲ್ಲಿ ಕೆಲಸ ನಿಂತು ಹೋಗಿದ್ದಿರಬಹುದೇ? ಇನ್ನೊಂದು, ಗೋಡೆಯ ತುಂಬಾ ಒಂದೇ ಮಟ್ಟದಲ್ಲಿ ಚೌಕ ತೂತುಗಳ ಸಾಲಿದೆ.


ಗಾರೆ ಗಾಣ, ಕುಮಟಾ

ತಂಗಿ, ಪ್ಲೇಗ್ ತರುವ ಮೊದಲು ಗಾರೆ ನೋಡು. ಸಿಮೆಂಟ್ ಸಂದು ಕೂಡ ಗೋಡೆಯ ಕೆಳಭಾಗದಲ್ಲೇ ಇದೆ ಅಂತ ನೀನೇ ಬರೆದಿದ್ದೀಯ. ನೆಲದ ನೀರು ಏರಿ ಕಲ್ಲು ತಿಂದ ಭಾಗ ಅದು. ಕೊಳೆತ ಕಲ್ಲು ಕಿತ್ತು ಹೊಸ ಕಲ್ಲು ತೊಡಿಸುವಾಗ ಹಳೇ ಸಂದಿನ ಮೇಲೆ ಅಡ್ಡಲಾಗಿ ಕೂರಿಸಿರುತ್ತಾರೆ. ಅಲ್ಲಿನ ಕಲ್ಲಿನ ಅಂಚು ಚೂಪಾಗಿ, ಗಾತ್ರ ಒಂದೇ ಸಮ ಇದ್ದರೆ ಹತ್ತೊಂಬತ್ತನೇ ಶತಮಾನದ ರಿಪೇರಿ ಅನ್ನು. ಕೆಳಗಿನ ಕಲ್ಲು ಮೇಲಿನಷ್ಟೇ ಹಳತಾಗಿದ್ದು, ಸಂದಿನ ಬದಿಯಲ್ಲಿ ಕಚ್ಚು ಬಿಟ್ಟ ಕಲ್ಲುಗಳು ಇಣುಕುತ್ತಿದ್ದರೆ ಮಾತ್ರ ಕೆಲಸ ನಡುವೆ ನಿಂತದ್ದು. ಆಗಲೂ ನಿಂತದ್ದಕ್ಕೆ ಪ್ಲೇಗೇ ಕಾರಣ ಅಂತ ಬರೆಯಬಾರದು, ದುಡ್ಡು ಮುಗಿದಿದ್ದರೂ ನಿಂತೀತು.

ಚೌಕ ತೂತು ಸಾರುವೆಯದ್ದು. ಅಡ್ಡಮರಗಳ ಒಂದು ತುದಿಯನ್ನು ಗೋಡೆಯೊಳಗೇ ಕಟ್ಟಿ, ಕೆಲಸ ಮುಗಿದ ಮೇಲೆ ಎಳೆದುಕೊಂಡು ತೂತಿಗೆ ಕಲ್ಲು ತುರುಕುತ್ತಿದ್ದರು. ಒಂದು ಸಾಲಿನಿಂದ ಮೇಲಿನ ಸಾಲಿಗೆ ನಾಲ್ಕೈದು ಅಡಿ, ಗೌಂಡಿಯ ಕೈ ಎಟುಕುವಷ್ಟು. ಈ ಸಾಲು ಕಾಲ ಹೇಳಲು ಬಹಳ ಸಹಾಯ. ಸಂದಿನ ಎರಡೂ ಬದಿಯಲ್ಲಿ ತೂತಿನ ಸಾಲು ಒಂದೇ ಮಟ್ಟದಲ್ಲಿದ್ದರೆ ಒಂದೇ ಸಾರುವೆ, ಹೆಚ್ಚುಕಡಿಮೆ ಆದರೆ ಎರಡು.

ಹತ್ತಿರದಿಂದ ತೆಗೆದ ಫೋಟೋ ಇದ್ದರೆ ಕಲ್ಲಿನ ಮೈ ನೋಡು. ಬೆಳಕು ಬದಿಯಿಂದ ಬಿದ್ದಿರಬೇಕು. ನಾರ್ಮನ್ ಕಾಲದ ಕಲ್ಲಿನ ಮೇಲೆ ಕೊಡಲಿಯ ಓರೆ ಏಟುಗಳು ಒಂದರ ಪಕ್ಕ ಒಂದು, ಮಳೆ ಓರೆಯಾಗಿ ಹೊಡೆದ ಹಾಗೆ. ಹನ್ನೆರಡನೇ ಶತಮಾನದ ಕೊನೆಯಿಂದ ಉಳಿಯ ನೆಟ್ಟಗಿನ ಗೀರು ಬರುತ್ತದೆ. 1174ರಲ್ಲಿ ಕ್ಯಾಂಟರ್ಬರಿ ಕ್ಯಾಥೀಡ್ರಲ್ ಸುಟ್ಟು ಮತ್ತೆ ಕಟ್ಟಿದಾಗ ಅಲ್ಲಿಯ ಸನ್ಯಾಸಿ ಗೆರ್ವೇಸ್ ಇದನ್ನೇ ಬರೆದಿಟ್ಟಿದ್ದಾನೆ, ಹಳೆಯದು ಕೊಡಲಿಯ ಕೆಲಸ, ಹೊಸದು ಉಳಿಯದ್ದು ಅಂತ. ಗಾರೆಯಲ್ಲಿ ಬಿಳಿ ಸುಣ್ಣದ ಕಾಳು, ಕರಿ ಇದ್ದಿಲ ಚುಕ್ಕೆ ಕಂಡರೆ ಹಳೇ ಗಾರೆ. ಸೌದೆಯಲ್ಲಿ ಸುಟ್ಟ ಸುಣ್ಣ, ಪೂರ್ತಿ ಅರೆಯದ ಕಾಳು ಹಾಗೇ ಉಳಿಯುತ್ತದೆ.

ಈಗ ಸಿಮೆಂಟ್. ಕಲ್ಲು ಗೋಡೆ ಅಂದರೆ ಇಡೀ ಕಲ್ಲಲ್ಲ. ಎರಡು ಮೈ, ನಡುವೆ ಚೂರು ಕಲ್ಲು ಮತ್ತು ಗಾರೆಯ ತುಂಬು, ಒಟ್ಟು ಮೂರು ಅಡಿ ದಪ್ಪ. ನೀರು ಅದರೊಳಗೆ ಬಂದೇ ಬರುತ್ತದೆ. ಸುಣ್ಣದ ಸಂದು ಕಲ್ಲಿಗಿಂತ ಮೆತ್ತಗೆ, ನೀರು ಆ ಸಂದಿನಿಂದ ಆರಿ ಹೋಗುತ್ತದೆ, ಸವೆದರೆ ಸಂದು ಸವೆಯುತ್ತದೆ. ಐವತ್ತು ನೂರು ವರ್ಷಕ್ಕೊಮ್ಮೆ ಮತ್ತೆ ತುಂಬಿದರಾಯಿತು. ಸಿಮೆಂಟ್ ತುಂಬಿದಾಗ ಸಂದಿನ ದಾರಿ ಕಟ್ಟುತ್ತದೆ, ನೀರು ಕಲ್ಲಿನ ಮೂಲಕವೇ ಹೊರಬರಬೇಕು. ಬರುವಾಗ ಉಪ್ಪು ತರುತ್ತದೆ, ಉಪ್ಪು ಮೈಯ ಹಿಂದೆ ಹರಳುಗಟ್ಟಿ ಕಲ್ಲನ್ನು ಹೊಪ್ಪಳೆ ಹೊಪ್ಪಳೆಯಾಗಿ ಎಬ್ಬಿಸುತ್ತದೆ. ಅಲ್ಲಿ ಇದರ ಜೊತೆ ಹಿಮವೂ ಉಂಟು. ನೀರು ಗಡ್ಡೆಕಟ್ಟಿದಾಗ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಕೊನೆಗೆ ಸಿಮೆಂಟಿನ ಸಂದು ಜೇನುಗೂಡಿನ ಅಂಚಿನಂತೆ ಮುಂದೆ ನಿಂತಿರುತ್ತದೆ, ಕಲ್ಲು ಒಳಗೆ ಗುಳಿ ಬಿದ್ದಿರುತ್ತದೆ. ನಿನ್ನ ಫೋಟೋದಲ್ಲಿ ಹೀಗೇ ಇದ್ದರೆ ಆ ಒಂದನ್ನೇ ದೊಡ್ಡದಾಗಿ ಹಾಕು. ನಮ್ಮ ಕರಾವಳಿಯ ಚಿರೆಕಲ್ಲಿನ ಗೋಡೆಗೆ ಸಿಮೆಂಟ್ ಬಳಿದಲ್ಲೂ ಇದೇ ಆಗುವುದು, ಹಿಮವೊಂದನ್ನು ಬಿಟ್ಟು.

ರಿಪೇರಿ ಕ್ರಮ ಫಲಕಕ್ಕೆ ಬೇಕಾದರೆ: ಸಿಮೆಂಟನ್ನು ಸಣ್ಣ ಉಳಿ, ಸುತ್ತಿಗೆಯಲ್ಲಿ ಕೈಯಿಂದಲೇ ತೆಗೆಯಬೇಕು, ಗ್ರೈಂಡರ್ ಹಾಕಿದರೆ ಕಲ್ಲಿನ ಅಂಚು ಹೋಗುತ್ತದೆ. ಸಂದಿನ ಅಗಲದ ಎರಡರಷ್ಟು ಆಳ, ಕಡಿಮೆಯೆಂದರೆ ಒಂದಿಂಚು. ಧೂಳು ತೊಳೆದು, ಕಲ್ಲು ತಣಿಯುವಷ್ಟು ನೀರು ಹೊಡೆದು, ನೀರು ನಿಲ್ಲದಂತೆ ಬಿಟ್ಟು ಆಮೇಲೆ ಗಾರೆ. ಒಂದು ಪಾಲು ನೆನೆಸಿ ಹಣ್ಣಾದ ಸುಣ್ಣ, ಮೂರು ಪಾಲು ಒರಟು ಮರಳು. ಮೂರು ಯಾಕೆಂದರೆ, ಒಳ್ಳೆ ಮರಳಿನ ಕಾಳುಗಳ ನಡುವೆ ಮೂರನೇ ಒಂದು ಪಾಲು ಖಾಲಿ ಇರುತ್ತದೆ, ಸುಣ್ಣ ಆ ಜಾಗ ತುಂಬಬೇಕು ಅಷ್ಟೇ. ಸುಣ್ಣ ಜಾಸ್ತಿಯಾದರೆ ಒಣಗುವಾಗ ಬಿರಿಯುತ್ತದೆ. ಒತ್ತಿ ತುಂಬಿ, ಸ್ವಲ್ಪ ಗಟ್ಟಿಯಾದ ಮೇಲೆ ಗಡುಸು ಬ್ರಷ್ಷಿನಿಂದ ಕುಟ್ಟಿ ಮೈ ಒರಟು ಮಾಡಬೇಕು. ನುಣ್ಣಗೆ ತೀಡಿದರೆ ಸುಣ್ಣ ಮೇಲೆ ಬಂದು ಪದರ ಕಟ್ಟಿ ಒಳಗಿನದಕ್ಕೆ ಗಾಳಿ ಸಿಗುವುದಿಲ್ಲ. ಮ್ಯಾಲೆ ಒದ್ದೆ ಗೋಣಿತಾಟು, ಕನಿಷ್ಠ ಒಂದು ವಾರ.

ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ. ಅದಕ್ಕೆ ಸ್ವಲ್ಪ ಹಸಿಯೂ ಬೇಕು, ಗಾಳಿಯೂ ಬೇಕು. ಅಲ್ಲಿ 5 ಡಿಗ್ರಿಗಿಂತ ಕೆಳಗಾದರೆ ಕೆಲಸ ಬಂದ್. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಬಂದ್, ಗಾರೆಯ ರಂಧ್ರದಲ್ಲೆಲ್ಲ ನೀರು ತುಂಬಿದ್ದರೆ ಗಾಳಿ ಒಳಹೋಗುವುದಿಲ್ಲ. ಹಿಂದಿನವರಿಗೆ ಇದು ಗೊತ್ತಿತ್ತು. ಸಫೋಕ್ ಕಡಲತಡಿಯ ವಾಲ್ಬರ್ಸ್‌ವಿಕ್ ಚರ್ಚಿನ ಗೋಪುರಕ್ಕೆ 1426ರಲ್ಲಿ ಮಾಡಿಕೊಂಡ ಕರಾರು ಉಳಿದಿದೆ. ಮಾರ್ಚ್ ಕೊನೆಯ ಹಬ್ಬದಿಂದ ಸೆಪ್ಟೆಂಬರ್ ಕೊನೆಯ ಹಬ್ಬದ ತನಕ ಮಾತ್ರ ಕೆಲಸ, ಗಜಕ್ಕೆ ನಲವತ್ತು ಶಿಲ್ಲಿಂಗ್, ಜೊತೆಗೆ ಕೆಲಸ ನಡೆಯುವ ವರ್ಷ ಒಂದು ಪೀಪಾಯಿ ಹೆರಿಂಗ್ ಮೀನು. ಬಂಗಡೆ ತಿನ್ನುವ ನಮ್ಮ ಕಡೆಯವರಿಗೆ ಈ ಕರಾರು ಫಲಕದಲ್ಲಿ ಕಂಡರೆ ಖುಷಿಯಾಗುತ್ತದೆ, ಹಾಕು.

ಚಿಪ್ಪಿನ ಸುಣ್ಣ ಮಾದರಿಯ ಜೊತೆ ಇಡುವುದಾದರೆ ಒಂದು ಮಾತು. ಅಳಿವೆಯ ಚಿಪ್ಪನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಸುಟ್ಟದ್ದಾಗಿರಬೇಕು. ಉಪ್ಪು ಉಳಿದರೆ ಗಾರೆಯೇ ಉಪ್ಪು ಕಕ್ಕುತ್ತದೆ.


ಮುಗುಡು ಮನೆ, ಶಿರಸಿ

ಚಾನ್ಸೆಲ್ ಕಥೆ ತಿದ್ದಿದ್ದಕ್ಕೆ ಧನ್ಯವಾದ, ಹಗ್ಗದ ಕಾರಣ ಒಪ್ಪುವಂಥದ್ದು.

ನೆಲದ ನೀರಿನ ಬಗ್ಗೆ ಒಂದು ಸೇರಿಸಬೇಕು. ಐದಾರು ನೂರು ವರ್ಷ ಚರ್ಚಿನ ಸುತ್ತ ಹೆಣ ಹೂಳುತ್ತಾ ಬಂದು ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎರಡು ಮೂರು ಅಡಿ ಮೇಲೇರಿರುತ್ತದೆ. ಬಾಗಿಲಿಂದ ಒಳಗೆ ಮೆಟ್ಟಿಲು ಇಳಿಯಬೇಕಾಗಿದ್ದರೆ ಅದೇ ಕಾರಣ. ಗೋಡೆಯ ಸುತ್ತ ಚರಂಡಿ ತೋಡುವುದು ಪರಿಹಾರ, ಆದರೆ ಪಾಯವೇ ಒಂದೆರಡು ಅಡಿ ಆಳದ್ದು, ಅದರ ತಳಕ್ಕಿಂತ ಕೆಳಗೆ ಅಗೆದರೆ ಗೋಡೆ ಜಾರುತ್ತದೆ. ಸಮಾಧಿ ಇರುವ ಜಾಗವಾದ್ದರಿಂದ ಪುರಾತತ್ತ್ವದವರು ನಿಂತು ನೋಡದೆ ಗುದ್ದಲಿ ಹಾಕುವಂತಿಲ್ಲ. ಮಾದರಿಯಲ್ಲಿ ಸುತ್ತಲಿನ ಮಣ್ಣನ್ನು ಒಳನೆಲಕ್ಕಿಂತ 15 ಮಿ.ಮೀ ಎತ್ತರಿಸಿ, ನಕ್ಷೆಯಲ್ಲಿ ಮಟ್ಟ ಕೊಟ್ಟಿದ್ದರೆ ಅದರ ಪ್ರಕಾರವೇ ಹೋಗಿ.

ಬೀಗ ಹಾಕಿದ ಚರ್ಚಿನೊಳಗೆ ಇನ್ನೊಂದು ತಾಪತ್ರಯ. ಚಳಿಗಾಲ ಕಳೆದು ಬೆಚ್ಚನೆಯ ಒದ್ದೆ ಗಾಳಿ ಬಂದಾಗ ದಪ್ಪ ಗೋಡೆ ಇನ್ನೂ ತಣ್ಣಗಿರುತ್ತದೆ. ಗೋಡೆ, ನೆಲಹಾಸು ಎರಡೂ ಬೆವರುತ್ತವೆ. ಸೋರುತ್ತಿದೆ ಅಂದುಕೊಂಡು ಮಾಡು ಬಿಚ್ಚಿದರೆ ಏನೂ ಸಿಗುವುದಿಲ್ಲ. ಒಣ ದಿನ ನೋಡಿ ಬಾಗಿಲು ತೆರೆಯುವುದು, ಒದ್ದೆ ದಿನ ಮುಚ್ಚುವುದು.


ಶಾಲ್ಮಲಾ, ಶಿರಸಿ

ಕೆಳಗಿನ ಮೂರಡಿಯ ಕಲ್ಲು ಹೊಸತೇ, ಅಂಚು ಚೂಪಾಗಿದೆ, ಎಲ್ಲ ಒಂದೇ ಅಳತೆ. ಒಳಗಿನ ಫೋಟೋದಲ್ಲಿ ಎರಡನೇ ‘ವಿ’ ಗುರುತು ಸಿಗಲಿಲ್ಲ, ಕ್ಲಿಯರ್‌ಸ್ಟೋರಿಯೂ ಇಲ್ಲ, ಹಾಗಾದರೆ ಮಾಡು ಇಳಿಸಿದ್ದು ಮಾತ್ರ. ಬಣ್ಣ ಹೀಗೆ ಇಟ್ಟಿದ್ದೇನೆ: ನಡುಸಾಲೆಯ ಗೋಡೆ ನಾರ್ಮನ್, ಉತ್ತರ ಐಲ್ ಹಾಗೂ ಕಮಾನುಗಳು ಹದಿಮೂರು, ಚಾನ್ಸೆಲ್ ಹದಿನಾಲ್ಕು, ಗೋಪುರ ಮತ್ತು ಸೀಸದ ಮಾಡು ಹದಿನೈದು, ಬುಡದ ತೊಡಿಕೆ ಹತ್ತೊಂಬತ್ತು. ಒಳಗೋಡೆಯ ಸುಣ್ಣದಡಿ ಕೆಂಪು ಬಣ್ಣ ಇಣುಕುತ್ತಿದೆ, ಅದನ್ನು ಕಾವಿ ಕಲೆಗೆ ಹೋಲಿಸಬಹುದೇ?


ಕಾಳಿ ದಂಡೆ, ಕಾರವಾರ

ಬಣ್ಣ ಹೋಲುತ್ತದೆ, ಕೆಲಸ ಬೇರೆ. ಕಾವಿಯಲ್ಲಿ ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಕೊಟ್ಟು, ಹಸಿಯಿರುವಾಗಲೇ ಕೆಂಪನ್ನು ಗೀರಿ ಅಡಿಯ ಬಿಳಿ ಕಾಣಿಸುತ್ತಾರೆ, ಗೆರೆ ಗಾರೆಯಲ್ಲೇ ಕೂತಿರುತ್ತದೆ. ಶಿರಸಿ ಮಾರಿಕಾಂಬಾ ದೇವಸ್ಥಾನದಲ್ಲಿ ಹತ್ತಿರದಿಂದ ನೋಡಿ. ಇಂಗ್ಲಿಷ್ ಚರ್ಚಿನದು ಬಹುಪಾಲು ಒಣಗಿದ ಸುಣ್ಣದ ಮೇಲೆ ಬಳಿದ ಚಿತ್ರ, ಅದಕ್ಕೇ ಸಿಪ್ಪೆ ಏಳುತ್ತದೆ. ಧರ್ಮಸುಧಾರಣೆಯ ಕಾಲದಲ್ಲಿ ಅಳಿಸಲೆಂದು ಹೊಡೆದ ಸುಣ್ಣವೇ ಅದನ್ನು ಕಾಪಾಡಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಗಾರೆ ಕೆರೆದು ಕಲ್ಲು ತೋರಿಸುವ ಚಟ ಹತ್ತಿ ಎಷ್ಟೋ ಕಡೆ ಚಿತ್ರಗಳೇ ಹೋದವು. ಅದನ್ನು ತಡೆಯಲು ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಹಳೇ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ. ವಿಲ್ಟ್‌ಶೈರಿನ ಇಂಗಲ್‌ಶಮ್ ಚರ್ಚು ಕೆರೆಯದೆ ಉಳಿದದ್ದು ಅವನ ಒತ್ತಾಸೆಯಿಂದ, ಅದೂ ಈಗ ಬಳಕೆ ನಿಂತು ಚರ್ಚಸ್ ಕನ್ಸರ್ವೇಶನ್ ಟ್ರಸ್ಟಿನ ಕೈಯಲ್ಲಿದೆ.

ನಿಮ್ಮ ಬಣ್ಣಗಳಲ್ಲಿ ಒಂದು ತಿದ್ದುಪಡಿ. ಗೋಪುರವೂ ಸೀಸದ ಮಾಡೂ ಒಂದೇ ಹಂತ ಆಗುವುದಿಲ್ಲ. ಕಡಿದಾದ ಮಾಡಿನ ಗುರುತು ಗೋಪುರದ ಮೈಮೇಲೆ ಇದೆ ಅಂದರೆ ಗೋಪುರ ಎದ್ದಾಗ ಆ ಕಡಿದಾದ ಮಾಡು ಇನ್ನೂ ಇತ್ತು. ಗೋಪುರ ಮೊದಲು, ಚಪ್ಪಟೆ ಮಾಡು ಆಮೇಲೆ. ಗುರುತಿನ ಕಲ್ಲು ಗೋಪುರದ ವರಸೆಯಲ್ಲೇ ಕಟ್ಟಿದೆಯೋ, ಆಮೇಲೆ ಕೊರೆದು ತುರುಕಿದ್ದೋ ಅಂತ ಮಾತ್ರ ಒಮ್ಮೆ ದೊಡ್ಡದು ಮಾಡಿ ನೋಡಿ. ವರಸೆಯಲ್ಲೇ ಇದ್ದರೆ ಮಾಡಿಗೆ ಆರನೇ ಬಣ್ಣದ ರಟ್ಟು ತನ್ನಿ.